ಹುಣಸೆಹಣ್ಣು ಹಚ್ಚಿದ ಟ್ಯಾಂಕು

ನಮ್ಮ ಅತ್ತೆಗೆ ಲೋಹದ್ದೇನು ಕಂಡರೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಆಯುಧಪೂಜೆಯ ದಿನ ಅರ್ಧ ರಜೆ ಹಾಕಿ ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿಗೆ ಬಂದು ನೋಡುತ್ತೇನೆ, ದೇವರ ಮುಂದೆ ಮಿಕ್ಸಿ, ಈಳಿಗೆಮಣೆ, ಸ್ಕೂಟರಿನ ಕೀಲಿ. ಅವುಗಳ ನಡುವೆ ಎದುರು ಮನೆಯ ಅಂಕಲ್‌ಜೀಯ ಟ್ಯಾಂಕು! ನೆತ್ತಿಯ ಮೇಲೆ ಚೆಂಡುಹೂವು, ಚೈನಿನ ಕೆಳಗೆ ನಿಂಬೆಹಣ್ಣು. ಹಸಿರು ಬಣ್ಣ ಅರ್ಧಕ್ಕರ್ಧ ಹೋಗಿ ಒಳಗಿನ ಲೋಹ ಹೊಳೆಯುತ್ತಿತ್ತು.

ಅಂಗೈಗಿಂತ ತುಸು ದೊಡ್ಡದು, ಎತ್ತಿದರೆ ಕಲ್ಲಿನ ಭಾರ. ಬ್ರಿಟಿಷರ ಸೆಂಚುರಿಯನ್ ಟ್ಯಾಂಕಿನ ಪುಟ್ಟ ಮಾದರಿ, ಹವ್ಯಾಸಿಗಳು ಗಾಜಿನೊಳಗೆ ಇಟ್ಟುಕೊಳ್ಳುವಂಥದ್ದು. ನಮ್ಮ ಸೈನ್ಯದಲ್ಲೂ ಆ ಟ್ಯಾಂಕ್ ಇತ್ತು. ಅಂಕಲ್‌ಜೀ ಯುದ್ಧದಲ್ಲಿ ಓಡಿಸಿದ್ದು ಅದನ್ನೇ. ತಾವು ಓಡಿಸಿದ ಟ್ಯಾಂಕಿನ ನಂಬರನ್ನು ಈ ಮಾದರಿಯ ಒಂದು ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ತಾವೇ ಬರೆದಿದ್ದರು. ಈಚೆಗೆ ಅವರಿಗೆ ಮರೆವು. ತಮ್ಮ ಮನೆಯೆಂದು ನಮ್ಮ ಬೆಲ್ ಒತ್ತುತ್ತಾರೆ. ಮನೆಗೆ ಬಣ್ಣ ಹೊಡೆಸುವಷ್ಟು ದಿನ ಜೋಪಾನವಾಗಿಡು ಎಂದು ಇದನ್ನು ನನಗೆ ಕೊಟ್ಟಿದ್ದರು. ದಿನಾ ಆ ನಂಬರ್ ಓದಿದರೆ ಟ್ಯಾಂಕಿನಲ್ಲಿ ಜೊತೆಗಿದ್ದ ಹುಡುಗರ ಮುಖ ನೆನಪಿಗೆ ಬರುತ್ತದಂತೆ.

ಆ ನಂಬರೇ ಇರಲಿಲ್ಲ.

“ಅತ್ತೆ! ಏನ್ ಮಾಡಿದ್ರಿ ಇದಕ್ಕೆ?”

“ಕೊಳೆ ಹಿಡಿದಿತ್ತು ಕಣೇ. ತೊಳೀದೆ ಹಾಗೇ ಪೂಜೆಗೆ ಇಡಕ್ಕಾಗತ್ತಾ?”

“ಕೊಳೆ ಅಲ್ಲ, ಪೇಂಟು ಅದು! ನಂಬರ್ ಹೋಯ್ತಲ್ಲ! ನಿಮ್ಮ ಕೈ ಒಂದು ದಿನ ಸುಮ್ನಿರಲ್ವಾ?”

ಅತ್ತೆಯ ಮುಖ ಬಿಳುಚಿಕೊಂಡಿತು. ನನಗೇನೂ ಪಾಪ ಅನಿಸಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಫೋನಿನಲ್ಲಿ ಫೋಟೋ ಹುಡುಕಿದೆ. ನಮ್ಮ ಶೋಕೇಸಿನದು ಒಂದಿತ್ತು, ಅದರಲ್ಲಿ ನಂಬರಿನ ಮಗ್ಗುಲು ಗೋಡೆಯ ಕಡೆಗಿತ್ತು. ತಲೆ ಕೆರೆದುಕೊಂಡರೂ ಮೊದಲ ಅಂಕಿಯೇ ಬಾರದು. ಇಷ್ಟು ದಿನ ಕಣ್ಣೆದುರೇ ಇದ್ದದ್ದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ದೇವರೇ, ಇವತ್ತೂ ಮನೆ ತಪ್ಪಿ ಬಂದಿರಲಿ ಎಂದುಕೊಂಡು ಬಾಗಿಲು ತೆಗೆದೆ.

“ಬೇಟಾ, ಮೇರಾ ಟ್ಯಾಂಕ್” ಎಂದು ಅಂಕಲ್‌ಜೀ ಕೈ ಚಾಚಿದರು.

ಅತ್ತೆ ತಾವೇ ತಂದು ಕೊಟ್ಟರು. ಮೇಲಿದ್ದ ಚೆಂಡುಹೂವು ಕೆಳಗೆ ಬಿತ್ತು. “ಗಲತಿ ಹೋ ಗಯಾ, ಭಾಯ್‌ಸಾಬ್” ಎಂದರು. ತಪ್ಪಾಯಿತು ಎನ್ನುವಷ್ಟು ಹಿಂದಿ ಅವರಿಗೆ ಬರುತ್ತಿತ್ತು. ಅಂಕಲ್‌ಜೀ ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಬಣ್ಣ ಹೋದ ಜಾಗವನ್ನು ಬೆರಳಿನಲ್ಲಿ ಸವರುತ್ತ ಒಂದು ಅಂಕಿ ಹೇಳಿದರು, ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು, ಮತ್ತೆ ಅಲ್ಲೇ ನಿಂತರು. ಆಮೇಲೆ ನನ್ನ ಮುಖ ನೋಡಿ, “ಕ್ಯಾ ಥಾ, ಬೇಟಾ?” ಎಂದರು. ಏನಿತ್ತು ಎಂದು ನನ್ನನ್ನು ಕೇಳುತ್ತಿದ್ದರು!

“ಚಲೋ, ಯಾದ್ ಆ ಜಾಯೇಗಾ” ಎಂದರು. ನೆನಪಾಗುತ್ತೆ ಎಂಬಂತೆ ತಲೆಯಾಡಿಸಿ, ಟ್ಯಾಂಕನ್ನು ಎದೆಗವಚಿಕೊಂಡು ಹೋದರು.

ಈಗ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, “ಯಾದ್ ಆ ಗಯಾ!” ಎಂದು ಮುಖವರಳಿಸಿ ಒಂದು ನಂಬರ್ ಹೇಳುತ್ತಾರೆ. ಹೋದ ಸಲ ಹೇಳಿದ್ದು ಈ ಸಲ ಇರುವುದಿಲ್ಲ. ಇದೇ ತಾನೇ ಎಂದು ನನ್ನನ್ನು ಕೇಳುತ್ತಾರೆ.

“ಅದೇ, ಅಂಕಲ್‌ಜೀ” ಎನ್ನುತ್ತೇನೆ.