ಫ್ರೇಮಿನಿಂದ ಆಚೆ

ಊಟಕ್ಕೆ ಕೂತಾಗಲೂ ಅವರ ಎಡಗಣ್ಣು ಅರ್ಧ ಮುಚ್ಚಿಕೊಂಡಿರುತ್ತಿತ್ತು. ವರ್ಷಗಟ್ಟಲೆ ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಹಾಗಾಗಿತ್ತು. ಆ ಒಂದೇ ಕಣ್ಣಲ್ಲಿ ಎದುರಿಗಿದ್ದವರನ್ನು ಅಳೆಯುತ್ತಿದ್ದರು, ಅಳೆದ ಮೇಲೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಕಪ್ಪಗಿದ್ದ ಮದುಮಗಳೊಬ್ಬಳಿಗೆ, "ನಿನ್ ಮಕ ಎಷ್ಟ್ ಲೈಟ್ ಹಾಕುದ್ರೂ ಕುಡ್ಕಂಡ್ ಬುಡ್ತದಲ್ಲಮ್ಮ" ಎಂದು ಹಸೆಮಣೆಯ ಮೇಲೆಯೇ ಹೇಳಿದ್ದರು. ಆ ಹುಡುಗಿ ನಗಲೇಬೇಕಾಯಿತು, ಕ್ಯಾಮೆರಾ ಓಡುತ್ತಿತ್ತು.

ಮಧುಗಿರಿಯಲ್ಲಿ ನಮ್ಮ ಬೀದಿಯ ತುದಿಗೆ ಅವರ ಸ್ಟುಡಿಯೋ. ನಮಗೆಲ್ಲ ಅವರು ಸ್ಟುಡಿಯೋ ಮಾವ. ಕೊರಟಗೆರೆ, ಶಿರಾ ಕಡೆಯ ಮದುವೆಗಳಿಗೂ ಅವರೇ ಬೇಕು, ಏಕೆಂದರೆ ವಿಡಿಯೋ ಮಿಕ್ಸಿಂಗ್ ಮಾಡುವ ದೊಡ್ಡ ಕಂಪ್ಯೂಟರ್ ಇದ್ದದ್ದು ಅವರ ಬಳಿ. ವರ್ಕ್‌ಸ್ಟೇಷನ್ ಎಂದು ಪೂರ್ತಿ ಹೇಳಬೇಕು, ಬರೀ ಕಂಪ್ಯೂಟರ್ ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಗುಲಾಬಿ ಹೂವಿನೊಳಗಿಂದ ಮದುಮಗಳು ಏಳುವುದು, ಬೆಟ್ಟದ ನೆತ್ತಿಯಲ್ಲಿ ಮದುಮಗನ ಮುಖ ಮೂಡುವುದು, ಎಲ್ಲ ಅದರ ಕರಾಮತ್ತು. ಅದರ ಕೋಣೆಗೆ ಎಸಿ ಇತ್ತು. ಪಕ್ಕದ ಅಡುಗೆಮನೆಯಲ್ಲಿ ಅವರ ಹೆಂಡತಿ, ನಮ್ಮ ಅತ್ತೆ, ಬೆವರು ಒರೆಸಿಕೊಳ್ಳುತ್ತಾ ಮುದ್ದೆ ಕಟ್ಟುತ್ತಿದ್ದರು. "ಅದು ದುಡಿತೈತೆ, ನೀನೇನ್ ದುಡಿತೀಯ?" ಎನ್ನುತ್ತಿದ್ದರು ಮಾವ.

ನನ್ನ ಮದುವೆಯ ವಿಡಿಯೋವನ್ನೂ ಅವರೇ ತೆಗೆದರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು, ಸಾಕಿದ್ದು ಅಮ್ಮ. ಸಿಡಿ ಬಂದ ದಿನ ಬೀದಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಅಮ್ಮ ತಲೆ ಬಾಚಿಕೊಂಡು, ಟೀವಿಗೆ ಹತ್ತಿರವಾಗಿ ಕೂತಳು. ಧಾರೆ ಬಂತು, ತಾಳಿ ಬಂತು, ಅಡುಗೆ ಭಟ್ಟರು ಕೂಡ ಬಂದರು. ಅಮ್ಮ ಬರಲಿಲ್ಲ. ಕೊನೆಯವರೆಗೂ ನೋಡಿ, ಎಲ್ಲರಿಗೂ ಕಾಫಿ ಮಾಡಲು ಎದ್ದುಹೋದಳು.

ಸ್ಟುಡಿಯೋಗೆ ಓಡಿಹೋಗಿ ಮಾವನನ್ನು ಕೇಳಿದೆ.

"ತಾಳಿ ಕಟ್ಟೋ ಸೀನಲ್ಲಿ ಅಂಥೋರು ಕಾಣ್ಬಾರ್ದು ಕಣಮ್ಮ, ನಿನ್ ಒಳ್ಳೇದುಕ್ಕೇ ತೆಗ್ದಿರಾದು. ಕತ್ತರ್ಸಿರಾದು ಗೊತ್ತಾಯ್ತದಾ ನೋಡು."

ಗಂಡ ಸತ್ತವರನ್ನು ವಿಡಿಯೋದಿಂದ ತೆಗೆಸುವುದು ಆಗ ಎಷ್ಟೋ ಮನೆಯವರು ತಾವೇ ಹೇಳಿ ಮಾಡಿಸುತ್ತಿದ್ದ ಕೆಲಸ. ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಕೇಳದೆಯೇ ಉಪಕಾರ ಮಾಡಿದ್ದರು. ಅವತ್ತಿನಿಂದ ಅವರ ಮುಖ ಕಂಡರೆ ನನಗಾಗುತ್ತಿರಲಿಲ್ಲ.

ಅಮ್ಮ ಹೋದ ಮೇಲೆ ನನ್ನ ಬಳಿ ಉಳಿದದ್ದು ಆಧಾರ್ ಕಾರ್ಡಿನ ಫೋಟೋ, ಅದರಲ್ಲಿ ಅವಳು ಅವಳಂತಿಲ್ಲ. ಅವಳು ನಡೆಯುವುದನ್ನು, ಕತ್ತು ತಿರುಗಿಸುವುದನ್ನು ಒಮ್ಮೆ ನೋಡಬೇಕಿತ್ತು. ಕೆಲಸ ಮಾಡುವ ಶಿರಾದಿಂದ ಬಸ್ಸು ಹತ್ತಿ, ಯಾರ ಬಾಗಿಲಿಗೆ ಹೋಗಬಾರದೆಂದಿದ್ದೆನೋ ಅಲ್ಲಿಗೇ ಹೋದೆ. ಅವತ್ತು ಕತ್ತರಿಸಿದ ಅಮ್ಮನ ತುಣುಕು ಇನ್ನೂ ಇದೆಯೇ ಎಂದು ಮಾವನನ್ನು ಕೇಳಿದೆ.

"ಈಗ್ ಬಂದ್ಯಾ?" ಎಂದರು. ಮುದುಕರಾಗಿದ್ದರು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. "ನಿಂದೇ ಕೊನೇ ಮದ್ವೆ ಆ ಮಿಷಿನ್ನಾಗೆ. ಆಮೇಕೆ ಎಲ್ರೂ ಹೊಸಾ ಮಿಷಿನ್ ತಂದ್ಬುಟ್ರು. ಅಳ್ಸಿಲ್ಲ, ಐತೆ."

ಹಿಂದಿನ ಕೋಣೆಯಲ್ಲಿ, ಫೋಟೋಗೆ ಹಿನ್ನೆಲೆಯಾಗಿ ಕಟ್ಟುತ್ತಿದ್ದ, ಜಲಪಾತ ಬಿಡಿಸಿದ ಹಳೆಯ ಬಟ್ಟೆಯ ಕೆಳಗೆ ಆ ವರ್ಕ್‌ಸ್ಟೇಷನ್ ಇತ್ತು. ಪಕ್ಕದ ತಗಡು ಬಿಚ್ಚಿದರೆ ಒಳಗೆಲ್ಲ ಒಣಗಿದ ಚೆಂಡುಹೂವು, ಗಟ್ಟಿಯಾದ ಕುಂಕುಮ. ಪ್ರತಿ ಆಯುಧಪೂಜೆಗೂ ಅತ್ತೆ ಅದಕ್ಕೆ ತಪ್ಪದೆ ನೀರು ಚಿಮುಕಿಸಿ ಪೂಜೆ ಮಾಡಿದ್ದರು. "ಪೂಜೆ ಮಾಡ್ ಮಾಡೇ ಸಾಯ್ಸಿದ್ದೀಯಲ್ಲೇ ಇದ್ನ!" ಎಂದು ಮಾವ ಕೂಗಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಮಾವ ಬ್ರಷ್ಷಿನಿಂದ ಫ್ಯಾನಿನ ಎಲೆ ಎಲೆಯನ್ನೂ ಉಜ್ಜಿದರು. ಹೆಂಡತಿಯನ್ನು ಒಮ್ಮೆಯೂ ಅಷ್ಟು ಮೃದುವಾಗಿ ಮುಟ್ಟಿರಲಾರರು.

ಸ್ವಿಚ್ ಒತ್ತಿದಾಗ ಸುಟ್ಟ ವಾಸನೆ ಬಂತು. ಆಮೇಲೆ ಫ್ಯಾನು ಗೊರಗೊರ ತಿರುಗಿತು, ಪರದೆ ಬೆಳಗಿತು. ಮಾವ ಹುಡುಕಿ ಹುಡುಕಿ ಕತ್ತರಿಸಿಟ್ಟ ತುಣುಕು ತೆಗೆದರು.

ಅಮ್ಮ. ನನ್ನ ಹಿಂದೆ, ಕಂಬದ ಪಕ್ಕ, ಕೈತುಂಬ ಅಕ್ಷತೆ ಹಿಡಿದು ಪಕ್ಕಕ್ಕೆ ಮುಖ ಮಾಡಿ ನಿಂತಿದ್ದಾಳೆ. ಕ್ಯಾಮೆರಾದ ಹಿಂದಿನಿಂದ ಮಾವನ ದನಿ: "ಏಯ್, ಆಚೆ ಹೋಗಮ್ಮ! ಮಗಳ ಬಾಳು ಹಾಳ್ ಮಾಡ್ಬೇಕಂತಿದ್ದೀಯಾ?" ಅಮ್ಮ ಬೆಚ್ಚಿ ಇತ್ತ ತಿರುಗುತ್ತಾಳೆ. ಪೂರ್ತಿ ಮುಖ. ಮಾವ ಇನ್ನೂ ಗದರುತ್ತಿರುವಾಗಲೇ "ಆಯ್ತಣ್ಣ" ಎನ್ನುತ್ತಾಳೆ. ಅಕ್ಷತೆ ಹಿಡಿದ ಕೈ ಹಾಗೇ ಇಟ್ಟುಕೊಂಡು ಫ್ರೇಮಿನಿಂದ ಆಚೆ ಹೋಗುತ್ತಾಳೆ.

ನಾನು ಮೊಬೈಲು ಹಿಡಿದು ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾ ಅಳುತ್ತಿದ್ದೆ. ಮಾವ ಪರದೆಯತ್ತ ಬಾಗಿದರು. ಒಂದು ಮಾತು, ಒಂದೇ ಒಂದು ಮಾತು ಹೇಳುತ್ತಾರೇನೋ ಎಂದು ಕಾದೆ.

"ಸೌಂಡ್ ಎಷ್ಟ್ ಕ್ಲೀನಾಗೈತೆ ನೋಡು" ಎಂದರು.

ಮತ್ತೊಮ್ಮೆ ಹಾಕುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಮಿಷಿನ್ ಮತ್ತೆ ಏಳಲಿಲ್ಲ. ಮಾವ ಹೋದ ವರ್ಷ ತೀರಿಕೊಂಡರು, ನಾನು ಮಣ್ಣಿಗೆ ಹೋಗಲಿಲ್ಲ. ಮಿಷಿನ್ನನ್ನು ಅವರ ಮಗ ಗುಜರಿಗೆ ಹಾಕಿದ.

ಮೊಬೈಲಿನಲ್ಲಿದ್ದ ಆ ವಿಡಿಯೋದಿಂದ ಮಾವನ ದನಿ ತೆಗೆಸಲು ಈಚೆಗೆ ಶಿರಾದ ಒಂದು ಸ್ಟುಡಿಯೋಗೆ ಹೋಗಿದ್ದೆ. ಅಲ್ಲಿದ್ದವನು ಕೇಳಿಸಿಕೊಂಡು, ಎರಡು ದನಿಯೂ ಒಂದರ ಮೇಲೊಂದು ಬಿದ್ದಿವೆ ಮೇಡಂ, ಅವರದು ತೆಗೆದರೆ ಅಮ್ಮನದೂ ಹೋಗುತ್ತದೆ ಎಂದ. ತೆಗೆಯುವುದು ಬೇಡವೆಂದು ಎದ್ದುಬಂದೆ. ಅವರು ಗದರದಿದ್ದರೆ ಅಮ್ಮ ನನ್ನ ಕಡೆ ತಿರುಗುತ್ತಲೇ ಇರಲಿಲ್ಲ.