ಮಗಳಿಗೆ ಸಿಕ್ಕ ಸೂರಕ್ಕಿಯ ಕೊಕ್ಕು

ಬಾಯಿಗೆ ಬಿಟ್ಟ ಹಾಲು ಮಗುವಿನ ಮೂಗಿನಿಂದ ಬಂತು. ಒರೆಸಿ ಮತ್ತೆ ಬಿಟ್ಟೆ. ಮತ್ತೆ ಬಂತು...

ತೊಂಬತ್ತರ ದಶಕದ ಕೊನೆ. ಚೊಚ್ಚಲ ಬಾಣಂತನಕ್ಕೆ ತಿಪಟೂರು ಹತ್ತಿರದ ಬಿಳಿಗೆರೆಗೆ, ನನ್ನ ತವರಿಗೆ ಬಂದಿದ್ದೆ. ಮಗಳಿಗೆ ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು, ಬಾಯೊಳಗೆ ಅಂಗುಳವೂ ಕೂಡಿರಲಿಲ್ಲ. ಚೀಪಿ ಕುಡಿಯುವುದು ಅವಳ ಕೈಲಿ ಆಗುತ್ತಲೇ ಇರಲಿಲ್ಲ.

ಡಾಕ್ಟರ್ ಧೈರ್ಯ ಹೇಳಿದ್ದರು. ಆಪರೇಷನ್ ಮಾಡಿದರೆ ಸರಿಹೋಗುತ್ತೆ, ಆದರೆ ಮೊದಲು ಮಗು ತೂಕ ಬರಬೇಕು ಅಂದಿದ್ದರು.

ತೂಕ ಬರುವುದಿರಲಿ, ಹುಟ್ಟಿದಾಗ ಇದ್ದದ್ದೂ ಇಳಿಯುತ್ತಿತ್ತು.

ನೋಡಲು ಬಂದವರೆಲ್ಲರದ್ದೂ ಒಂದೇ ಪ್ರಶ್ನೆ. ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದೆಯಾ? ಮುಟ್ಟಿದ್ದೆನೋ ಇಲ್ಲವೋ ನನಗೇ ನೆನಪಿರಲಿಲ್ಲ. ಆದರೂ ಮುಟ್ಟಿದ್ದೆ ಅಂತಲೇ ನಂಬಿಕೊಂಡು ಕೂತಲ್ಲೇ ಕೊರಗುತ್ತಿದ್ದೆ.

ಬಾಟಲಿಯಲ್ಲಿ ಕುಡಿಯಲಿಲ್ಲ. ಅಮ್ಮ ಒಳಲೆ ಹಿಡಿದಳು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಎಳೆ ಮಕ್ಕಳಿಗೆ ಹಾಲು, ಔಷಧಿ ಕುಡಿಸುವ ಪುಟ್ಟ ಬಟ್ಟಲು ಅದು, ಒಂದು ಕಡೆ ಮೂತಿ ಇರುತ್ತೆ.

ನಮ್ಮ ಮನೆಯ ಒಳಲೆ ಬೆಳ್ಳಿಯದು. ನನ್ನನ್ನೂ ಅಣ್ಣನನ್ನೂ ಸಾಕಿದ್ದು ಅಂತ ಅಮ್ಮನಿಗೆ ಭಾರಿ ಹೆಮ್ಮೆ. ಆದರೆ ಅದರ ಮೂತಿ ಗಿಡ್ಡ, ಅಗಲ. ಹಾಲು ಬಾಯಿ ಮುಂದೆಯೇ ಸುರಿದು, ಸೀಳಿನಿಂದ ಮೂಗಿಗೆ ಏರಿಬಿಡುತ್ತಿತ್ತು. ಮಗು ಕೆಮ್ಮಿ ಕೆಮ್ಮಿ ಕೆಂಪಾಗುತ್ತಿತ್ತು.

ಇನ್ನು ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಪ್ರೈಮರಿ ಸ್ಕೂಲ್ ಟೀಚರ್. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಎದುರು ಸಿಕ್ಕರೆ ಊಟ ಆಯ್ತಾ ಅಂದರೆ ಆಯ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅವತ್ತು ಸಂಜೆ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು, ಹಿತ್ತಿಲ ಬಾಗಿಲ ಹತ್ತಿರ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. ಅತ್ತಿಗೆ ಅಲ್ಲೇ ನೆಲದ ಮೇಲೆ ಚಾರ್ಟ್ ಹರಡಿಕೊಂಡು ಹಕ್ಕಿಗಳ ಕೊಕ್ಕು ಬರೆಯುತ್ತಿದ್ದರು. ಮರುದಿನ ಸ್ಕೂಲಿಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ಅವರ ಮುಂದೆ ಮಾಡುವ ಪಾಠವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಇದ್ದರು.

ಗಿಳಿಯ ಕೊಕ್ಕು ಬಾಗಿದ್ದು, ಗಟ್ಟಿ ಕಾಯಿ ಒಡೆಯೋಕೆ. ಮರಕುಟಿಗನದು ಉಳಿ ಇದ್ದ ಹಾಗೆ, ತೊಗಟೆ ಕುಟ್ಟಿ ಹುಳ ತೆಗೆಯೋಕೆ. ಬೆಳ್ಳಕ್ಕಿಯದು ಉದ್ದ, ಚೂಪು, ಕೆರೆಯಲ್ಲಿ ಮೀನು ಹಿಡಿಯೋಕೆ...

ನನಗೆ ಮೈಯೆಲ್ಲ ಉರಿಯಿತು. ನನ್ನ ಮಗು ಇಲ್ಲಿ ಉಪವಾಸ ಬಿದ್ದಿದೆ, ಇವರಿಗೆ ಗಿಳಿ ಗುಬ್ಬಿ ಚಿಂತೆ.

ಅಷ್ಟರಲ್ಲಿ ನನ್ನನ್ನೇ ಮಕ್ಕಳ ಜಾಗದಲ್ಲಿ ಕೂರಿಸಿಬಿಟ್ಟರು. "ಬೆಳ್ಳಕ್ಕಿಗೆ ಬರೀ ರಾಗಿಕಾಳು ಹಾಕುದ್ರೆ ಏನಾಗ್ತೈತೆ, ಹೇಳು ನೋಡಾನ."

"ಉಪಾಸ ಬಿದ್ದು ಸಾಯ್ತೈತೆ," ಅಂದೆ ಸಿಟ್ಟಿನಲ್ಲಿ.

"ತಪ್ಪು ಯಾರ್ದು? ಬೆಳ್ಳಕ್ಕೀದಾ?"

"ಅಲ್ಲ. ರಾಗಿ ಹಾಕ್ದೋರ್ದು."

ಅತ್ತಿಗೆ ಸ್ಕೆಚ್ ಪೆನ್ ಕೈಯಲ್ಲೇ ಹಿಡಿದು ಮಗುವನ್ನು ನೋಡುತ್ತಿದ್ದಾರೆ. ಆಮೇಲೆ ಎದ್ದು ಬಂದು, ನನ್ನ ಪಕ್ಕದಲ್ಲಿದ್ದ ಒಳಲೆ ಎತ್ತಿಕೊಂಡು ಅದರ ಮೂತಿಯನ್ನು ಬೆರಳಿನಿಂದ ಸವರಿ ನೋಡುತ್ತಾರೆ.

"ಇದು ಬಾತುಕೋಳಿ ಮೂತಿ ಕಣೇ. ನಿನ್ ಮಗಳಿಗೆ ಸೂರಕ್ಕೀದು ಬೇಕು."

ಸೂರಕ್ಕಿ ನೋಡಿರುತ್ತೀರಿ. ತೆಂಗಿನ ಹೊಂಬಾಳೆಗೂ ಬರುತ್ತೆ, ಹಿತ್ತಿಲ ದಾಸವಾಳಕ್ಕೂ ಬರುತ್ತೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕೊಕ್ಕು ಸಪೂರ, ಉದ್ದ, ತುದಿಯಲ್ಲಿ ಸ್ವಲ್ಪ ಬಾಗಿರುತ್ತೆ. ಹೂವಿನ ಬುಡದವರೆಗೂ ಇಳಿಸಿ ಸಿಹಿ ಹೀರುತ್ತೆ.

"ನಮ್ಮವ್ವುನ್ ಮನೇಲಿ ಹಳೇದೊಂದು ಒಳಲೆ ಐತೆ, ಮೂತಿ ಉದ್ದುಕ್ಕೈತೆ. ನಾಳೆ ಹೋಗಿ ತತ್ತೀನಿ ಬುಡು."

"ಅತ್ತಿಗೆ, ನಾಳೆ ನಿಮಗೆ ಇನ್ಸ್‌ಪೆಕ್ಟ್ರು..."

"ಇನ್ಸ್‌ಪೆಕ್ಟ್ರು ಹಾಲು ಕುಡುದು ದೊಡ್ಡೋರಾಗವ್ರೆ ಬುಡು," ಅಂದವರೇ ಚಾರ್ಟ್ ಸುತ್ತಿಟ್ಟರು.

ಅವರ ತವರು ಹುಳಿಯಾರು ಹತ್ತಿರದ ಕೆಂಕೆರೆ. ಬೆಳಗಿನ ಬಸ್ಸಿಗೆ ಹೋದವರು ಸಂಜೆ ಬಂದರು. ಇನ್ಸ್‌ಪೆಕ್ಟರ್ ಬರುವ ದಿನವೇ ರಜೆ ಹಾಕಿದ್ದಕ್ಕೆ ಚೆನ್ನಾಗಿ ಬೈಸಿಕೊಂಡರಂತೆ. ಅದನ್ನು ಅವರು ಹೇಳಲಿಲ್ಲ, ಅಣ್ಣ ಹೇಳಿದ.

ರವಿಕೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಳಲೆ ಕಪ್ಪಾಗಿತ್ತು. ಅಮ್ಮ ಉಜ್ಜಿ, ನೀರಿನಲ್ಲಿ ಕುದಿಸಿ ಕೊಟ್ಟಳು. ತನ್ನ ಬೆಳ್ಳಿ ಒಳಲೆ ಸೋತಿತು ಅಂತ ಮುಖ ಸ್ವಲ್ಪ ಸಣ್ಣಗಿತ್ತು, ಇರಲಿ.

ಅತ್ತಿಗೆ ಮಗುವನ್ನು ಮಲಗಿಸಲು ಬಿಡಲಿಲ್ಲ. ಬೆನ್ನಿಗೆ ಕೈಕೊಟ್ಟು ಕೂರಿಸಿಕೊಂಡರು. ಆ ಸಪೂರ ಮೂತಿಯನ್ನು ಕೆನ್ನೆಯ ಒಳಗಿನಿಂದ ಮೆಲ್ಲಗೆ ಹಿಂದಕ್ಕೆ ಇಳಿಸಿ ಒಂದೊಂದೇ ತೊಟ್ಟು ಬಿಟ್ಟರು. ನುಂಗುವವರೆಗೂ ಕಾದು, ಮತ್ತೊಂದು ತೊಟ್ಟು.

ನಾನು ಮೂಗನ್ನೇ ನೋಡುತ್ತಾ ಕೂತಿದ್ದೇನೆ. ಮೂಗು ಒಣಗಿಯೇ ಇದೆ.

ಒಳಲೆ ಖಾಲಿಯಾಯಿತು. ಇನ್ನೊಂದು ಸಲ ತುಂಬಿಸಿದರು. ಅರ್ಧ ಆಗುವಷ್ಟರಲ್ಲಿ ಮಗು ಮುಖವನ್ನು ಆಚೆ ತಿರುಗಿಸಿಬಿಟ್ಟಿತು. ಮತ್ತೆ ಬಾಯಿಗಿಟ್ಟರು, ಮತ್ತೆ ತಿರುಗಿಸಿತು.

ನಾನು ಮಗುವಿನ ಕಡೆ ಬಗ್ಗಿದೆ. "ಏನಾಯ್ತು ಅತ್ತಿಗೆ?"

"ಏನೂ ಇಲ್ಲ ಕಣೇ. ಹೊಟ್ಟೆ ತುಂಬೈತೆ, ಬ್ಯಾಡ ಅಂತೈತೆ, ಅಷ್ಟೇಯ."

ನನ್ನ ಮಗು ಯಾವತ್ತೂ ಬೇಡ ಅಂದೇ ಇರಲಿಲ್ಲ. ಅನ್ನುವಷ್ಟು ಅದಕ್ಕೆ ಸಿಕ್ಕೇ ಇರಲಿಲ್ಲ. ಅತ್ತಿಗೆಯ ಭುಜಕ್ಕೆ ತಲೆ ಇಟ್ಟು ಅತ್ತುಬಿಟ್ಟೆ.

ಅಲ್ಲಿಂದ ದಿನಾ ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ಅವರೇ ಕುಡಿಸಿದರು. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರ್ ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೀಗೇ ಕೂರಿಸಿಕೊಂಡು ಕುಡಿಸಿ ಅಂದರು. ಮಗು ತೂಕ ಬಂತು. ಮೊದಲು ತುಟಿ, ಆಮೇಲೆ ಅಂಗುಳ, ಎರಡೂ ಆಪರೇಷನ್ ಆಯಿತು.

ಮಗಳು ಈಗ ನನಗಿಂತ ಎತ್ತರ. ಮುದ್ದೆ, ಉಪ್ಸಾರು ಇದ್ದರೆ ಅವಳಿಗೆ ಬೇರೇನೂ ಬೇಡ. ಅತ್ತಿಗೆಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ "ಸುಮ್ಕಿರೇ" ಅಂತ ಬೈಸಿಕೊಳ್ಳುವುದೇ ಆಗಿದೆ. ಅದಕ್ಕೇ ಇವತ್ತು ಎಲ್ಲರ ಮುಂದೆ ಹೇಳುತ್ತಿದ್ದೇನೆ. ಅತ್ತಿಗೆ, ನಿಮ್ಮ ಋಣ ನನ್ನ ಮೇಲಿದೆ, ಇರಲಿ.

ಮಕ್ಕಳು ತಟ್ಟೆ ಸರಿಸಿ ಸಾಕು ಅಂದರೆ ಅಮ್ಮಂದಿರಿಗೆಲ್ಲ ಸಿಟ್ಟು ಬರುತ್ತೆ. ನನ್ನ ಮಗಳು "ಸಾಕಮ್ಮ" ಅಂದಾಗಲೆಲ್ಲ ನನಗೆ ಮಾತ್ರ ಕೈ ಮುಗಿಯಬೇಕು ಅನಿಸುತ್ತೆ.