ಊಂ ಅನ್ನುವವರು ಯಾರು?

ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಒಂದು ವಿಚಿತ್ರ ಕಟ್ಟಳೆಯಿದೆ. ಪ್ರೋಗ್ರಾಮ್ ಬರೆದು ಒಪ್ಪಿಸಿದರೆ ಸಾಲದು. ಬರೆಯುತ್ತಾ ತಲೆಯೊಳಗೆ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ನಮ್ಮ ಕ್ಯಾಸಂಬಳ್ಳಿ ಕಡೆ ಹಾಗೆ ಒಬ್ಬನೇ ಮಾತಾಡಿಕೊಂಡರೆ ಗಾಳಿ ಸೋಕಿತೆಂದು ನಿಂಬೆಹಣ್ಣು ಹುಡುಕುತ್ತಾರೆ.

ಹಿಂದಿನ ಸಲ ನಾನು ಬಿದ್ದದ್ದು ಇದರಲ್ಲೇ. ಉತ್ತರ ಸರಿಯಿತ್ತು, ಬಾಯಿ ಬಿಡಲಿಲ್ಲ. ಮನೆಯಲ್ಲಿ ಯಾರೂ ನಂಬಲಿಲ್ಲ. ಉಣ್ಣುವಾಗಲೂ ಬಾಯಿ ಮುಚ್ಚದವನು ನಾನು. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಆ ಕಂಪನಿಯ ಬಾಗಿಲು ತಟ್ಟುವಂತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿ ಮೇಲಿನ ಪುಟ್ಟ ಕಚೇರಿಯಲ್ಲಿ, ಅಂಗಡಿಗಳ ಬಿಲ್ಲಿನ ಸಾಫ್ಟ್‌ವೇರ್ ರಿಪೇರಿ ಮಾಡಿಕೊಂಡೇ ಇರಬೇಕಿತ್ತು.

ಸಂದರ್ಶನದ ದಿನ ಲ್ಯಾಪ್‌ಟಾಪನ್ನು ನಡುಮನೆಯ ರಾಗಿ ಮೂಟೆಯ ಮೇಲಿಟ್ಟು ಕೂತೆ. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ತೆರೆಯ ಮೇಲೆ ಬಂದ ಮೇಡಂ ಇಂಗ್ಲಿಷಿನಲ್ಲಿ ಲೆಕ್ಕ ಕೊಟ್ಟರು: ಗೋಡೆಗಳ ನಡುವೆ ಸಿಕ್ಕಿಕೊಂಡ ಇಲಿಯೊಂದು ಅತಿ ಹತ್ತಿರದ ದಾರಿಯಲ್ಲಿ ಹೊರಬರಬೇಕು. ಕೊಟ್ಟವರೇ ತಮ್ಮ ಮೈಕು ಆಫ್ ಮಾಡಿಕೊಂಡರು. ನಾನು ಎರಡು ಮಾತಾಡಿದೆ. ಆ ಕಡೆ ಸದ್ದಿಲ್ಲ. ಬಾವಿಯೊಳಕ್ಕೆ ಮಾತಾಡಿದ ಹಾಗಾಯಿತು. ಬಾವಿಯಾದರೂ ತಿರುಗಿ ಕೂಗುತ್ತದೆ.

ಆಗ ಬೆನ್ನ ಹಿಂದಿನಿಂದ, "ಊಂ."

ನಮ್ಮಜ್ಜಿ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದಳು. ಇಂಗ್ಲಿಷಿನ ಗಂಧವಿಲ್ಲ. ಆದರೆ ಚಿಕ್ಕಂದಿನಲ್ಲಿ ನನಗೆ ಕತೆ ಹೇಳಿದವಳು ಅವಳೇ. ನಾನು ಊಂಗುಟ್ಟುವುದು ನಿಲ್ಲಿಸಿದರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಲಗಿಬಿಡುತ್ತಿದ್ದಳು. ಈಗ ಮೊಮ್ಮಗನೂ ಏನೋ ಕತೆ ತೆಗೆದು ನಿಲ್ಲಿಸಿದ್ದಾನೆ ಅಂದುಕೊಂಡಳು.

ಮುಂದಿನ ಮಾತಾಡಿದೆ. "ಊಂ." ಇಲಿ ಎಡಕ್ಕೆ ತಿರುಗಿತು. "ಊಂ." ಬಂದ ದಾರಿಗೆ ಗುರುತು ಹಾಕಿತು. "ಊಂ, ಊಂ." ನನ್ನ ಬಾಯಿ ಕೋಡಿ ಬಿದ್ದ ಕೆರೆಯಾಯಿತು.

ಮೇಡಂ ಮೈಕು ಹಾಕಿದರು. ಮುಖ ಬಿಗಿದಿತ್ತು. ಪಕ್ಕದಲ್ಲಿ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆಯೇ ಎಂದು ಕೇಳಿದರು. ನನ್ನ ಕೆಲಸ ಕೆಟ್ಟಿತು ಅಂದುಕೊಂಡು ಲ್ಯಾಪ್‌ಟಾಪನ್ನು ಅಜ್ಜಿಯ ಕಡೆ ತಿರುಗಿಸಿದೆ. ಅವಳನ್ನು ಕಂಡು ಮೇಡಂ ಕನ್ನಡಕ್ಕಿಳಿದರು.

"ಅಜ್ಜೀ, ಅವರಿಗೇನು ಹೇಳಿಕೊಡ್ತಿದ್ದೀರಿ?"

"ನಂಗೇನ್ ಗೊತ್ತು ತಾಯಿ! ಅವ್ನೇನೋ ಏಳ್ತಾವ್ನೆ, ನಾನು ಊಂ ಅಂತಿವ್ನಿ. ಆವಾಗ್ಲಿಂದ ನೋಡ್ತಿವ್ನಿ, ನೀನು ಬೊಂಬೆ ಕುಂತಂಗೆ ಕುಂತಿದ್ದೀಯ. ಅಂಗ್ ಕುಂತ್ರೆ ಯಾರ್ ಕತೆ ಏಳ್ತಾರೆ?"

"ಅಜ್ಜೀ, ಸುಮ್ನಿರು!"

"ನೀನ್ ಸುಮ್ನಿರ್ಲಾ. ದೊಡ್ಡೋರು ಮಾತಾಡ್ತಾವ್ರೆ."

ಮೇಡಂ ತುಟಿ ಕಚ್ಚಿ ನಗು ತಡೆದರು. "ಪರೀಕ್ಷೆ ನಡೆಯೋವಾಗ ಬೇರೆ ಯಾರೂ ಇರಬಾರದಜ್ಜಿ. ಸ್ವಲ್ಪ ಹೊರಗೆ ಹೋಗ್ತೀರಾ?"

"ಓಗ್ತೀನಿ. ಊಂ ಅನ್ನೋರ್ಯಾರು? ನೀನಂತೀಯಾ?"

"ಅಂತೀನಿ."

"ಮರೀಬ್ಯಾಡ" ಎಂದು ಮೊರ ಎತ್ತಿಕೊಂಡು ಹೋದಳು.

ಅನುಮಾನ ಉಳಿಯದಿರಲೆಂದು ಮೇಡಂ ಹೊಸ ಲೆಕ್ಕ ಕೊಟ್ಟರು. ಮೈಕು ಮಾತ್ರ ಆಫ್ ಮಾಡಲಿಲ್ಲ. ನಾನು ಒಂದು ಮಾತು ಹೇಳಿ ಕಾದೆ. ಅವರು ಗಂಟಲು ಸರಿಮಾಡಿಕೊಂಡು, "ಹೂಂ" ಅಂದರು. ಆಮೇಲೆ ನನ್ನನ್ನು ನಿಲ್ಲಿಸಲು ಅವರೇ ಗಡಿಯಾರ ತೋರಿಸಬೇಕಾಯಿತು.

ಕೆಲವು ದಿನಗಳ ಮೇಲೆ ಮೇಲ್ ಬಂತು. ಕೆಲಸ ಸಿಕ್ಕಿತ್ತು. ಓಡಿಹೋಗಿ ಅಜ್ಜಿಗೆ ಹೇಳಿದೆ.

"ಸಂತೋಸ ಕಣ್ಲಾ. ಅದ್ಸರಿ, ಆವತ್ತು ಏಳ್ತಿದ್ದೆಯಲ್ಲ, ಏನದು ಕತೆ?"

ಇಲಿಯ ಕತೆಯನ್ನು ಮೊದಲಿಂದ ಹೇಳಿದೆ. ಅವಳು ಊಂಗುಟ್ಟಿದಳು. ಮೇಡಂ ಲೆಕ್ಕ ಬದಲಾಯಿಸಿದ ಕಡೆ ನಾನು ನಿಂತೆ.

"ಅಂಗಾರೆ ಇಲಿ ಇನ್ನೂ ಒಳ್ಗೇ ಐತಾ?"

"ಐತಜ್ಜಿ."

"ಇರ್ಲಿ ಬಿಡು" ಅಂದಳು. "ಈಚೆ ಬಂದಿದ್ರೆ ನಮ್ಮ ರಾಗಿ ಮೂಟೆಗೇ ಬತ್ತಿತ್ತು."